ಬೆಳಗಾವಿಯ ಬಾಣಂತಿಯರು ಗ್ರಂಥಾಲಯ ಸೇರಿದ್ದು

ಕೊಪ್ಪ ತಾಲ್ಲೂಕಿನ ನಾರ್ವೆ ಕಡೆ ಹೆರಿಗೆ ನೋವು ಕಾಣಿಸಿಕೊಂಡರೆ ಮೊದಲು ಕೊಪ್ಪದ ತಾಲ್ಲೂಕು ಆಸ್ಪತ್ರೆ. ತೊಡಕಾದರೆ ಶಿವಮೊಗ್ಗ, ಇಲ್ಲವೇ ಆಗುಂಬೆ ಘಾಟಿ ಇಳಿದು ಮಣಿಪಾಲ. ವೈದ್ಯಕೀಯ ಗ್ರಂಥಾಲಯಗಳೂ ಅದೇ ದಾರಿಯ ತುದಿಯಲ್ಲಿವೆ. ಪಕ್ಕದ ತೀರ್ಥಹಳ್ಳಿಯಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ ‘ತಾಯಿ-ಮಗು’ ಬರೆದು ಮನೆಮಂದಿಯ ಓದಿಗೆ ದಾರಿ ಮಾಡಿಕೊಟ್ಟರು. ಊರ ವೈದ್ಯರಿಗೆ ಮಾತ್ರ ಕಾಲೇಜು ದಿನಗಳ ದಪ್ಪ ಪುಸ್ತಕವೇ ಗತಿಯಾಗಿತ್ತು.

1997ರಲ್ಲಿ ವೈದ್ಯಕೀಯ ಲೇಖನಗಳ ಸೂಚಿಯಾದ ಅಮೆರಿಕದ ‘ಪಬ್‌ಮೆಡ್’ ಎಲ್ಲರಿಗೂ ಪುಕ್ಕಟೆಯಾಗಿ ತೆರೆದುಕೊಂಡಿತು. 2003ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ‘ಹೆಲಿನೆಟ್’ ಬಂದು, ರಾಜ್ಯದ ವೈದ್ಯಕೀಯ ಕಾಲೇಜುಗಳು ನಿಯತಕಾಲಿಕಗಳನ್ನು ಹಂಚಿಕೊಂಡು ಓದುವಂತಾಯಿತು. ಸಿಕ್ಕಿದ್ದರಲ್ಲಿ ನಂಬಬೇಕಾದ್ದು ಯಾವುದು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಅದಕ್ಕೆ ದಾರಿ ತೋರಿದ್ದು ಬೈಸಿಕೊಂಡ ಶಾಖೆಯೇ ಎನ್ನುವುದು ತಮಾಷೆ. ಪುರಾವೆಯಿಲ್ಲದೆ ಚಿಕಿತ್ಸೆ ಕೊಡುವುದರಲ್ಲಿ ಪ್ರಸೂತಿ ವೈದ್ಯರನ್ನು ಮೀರಿಸುವವರಿಲ್ಲ ಎಂದು 1979ರಲ್ಲಿ ಬ್ರಿಟನ್ನಿನ ಆರ್ಚಿ ಕಾಕ್ರೇನ್ ಛೇಡಿಸಿದ್ದರು. ಆಕ್ಸ್‌ಫರ್ಡ್‌ನ ಇಯಾನ್ ಚಾಮರ್ಸ್ ತಂಡ ಆಗಲೇ ಹೆರಿಗೆಗೆ ಸಂಬಂಧಿಸಿದ ಪ್ರಯೋಗಗಳನ್ನೆಲ್ಲ ಜಾಲಾಡತೊಡಗಿತ್ತು. ಪ್ರಕಟವಾಗದವು ಇದ್ದರೆ ತಿಳಿಸಿ ಎಂದು 18 ದೇಶಗಳ 42,000 ವೈದ್ಯರಿಗೆ ಪತ್ರವನ್ನೂ ಬರೆಯಿತು. ಫಲ 1989ರಲ್ಲಿ ಎರಡು ಸಂಪುಟಗಳಾಗಿ ಬಂತು. ಇಂಥ ಸಂಗ್ರಹ ಏಕೆ ಬೇಕಿತ್ತು ಎಂಬುದಕ್ಕೊಂದು ಉದಾಹರಣೆ: ಅವಧಿಗೆ ಮೊದಲೇ ಹೆರುವ ತಾಯಿಗೆ ಸ್ಟೀರಾಯ್ಡ್ ಚುಚ್ಚಿದರೆ ಮಗುವಿನ ಶ್ವಾಸಕೋಶ ಬಲಿಯುತ್ತದೆ ಎಂದು 1972ರಲ್ಲೇ ನ್ಯೂಜಿಲೆಂಡಿನಲ್ಲಿ ಕಂಡುಬಂದಿದ್ದರೂ ಬಹಳಷ್ಟು ವೈದ್ಯರು ಅದನ್ನು ಬಳಸುತ್ತಿರಲಿಲ್ಲ. ಈ ಸ್ಟೀರಾಯ್ಡ್ ಪ್ರಯೋಗಗಳ ಫಲಿತಾಂಶದ ನಕ್ಷೆಯೇ 1993ರಲ್ಲಿ ಹುಟ್ಟಿದ ಕಾಕ್ರೇನ್ ಸಂಸ್ಥೆಯ ಲಾಂಛನವಾಯಿತು. ಬೈದವರ ಹೆಸರನ್ನೇ ಇಟ್ಟುಕೊಂಡರು, ನೋಡಿ.

ಆ ಸಂಸ್ಥೆಯ ಪುರಾವೆಗಳ ಭಂಡಾರವಾದ ಕಾಕ್ರೇನ್ ಗ್ರಂಥಾಲಯಕ್ಕೆ ನಮ್ಮವರ ಪಾಲೂ ಸೇರಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜತೆಗೂಡಿ ಹಳ್ಳಿಗಳ 1,620 ಬಾಣಂತಿಯರ ಮೇಲೆ ಪ್ರಯೋಗ ನಡೆಸಿದರು. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್‌ಗೆ ಸೂಜಿ ಬೇಕು, ತಂಪು ಬೇಕು. ಮಿಸೊಪ್ರೊಸ್ಟಾಲ್ ಮಾತ್ರೆಗೆ ಎರಡೂ ಬೇಡ. ಎಎನ್‌ಎಂ ಸಿಸ್ಟರ್‌ಗಳು ಹೆರಿಗೆಯಾದ ಕೂಡಲೇ ಅರ್ಧದಷ್ಟು ಮಂದಿಗೆ ಆ ಮಾತ್ರೆ, ಉಳಿದವರಿಗೆ ಹುಸಿಮಾತ್ರೆ ಕೊಟ್ಟು, ಅಳತೆಯ ಗುರುತಿದ್ದ ಪ್ಲಾಸ್ಟಿಕ್ ಚೀಲದಲ್ಲಿ ರಕ್ತ ಅಳೆದರು. ವಿಪರೀತ ಸ್ರಾವ ಶೇ 12ರಿಂದ 6.4ಕ್ಕೆ ಇಳಿಯಿತು. ಈ ಫಲಿತಾಂಶವನ್ನು 2006ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

2007ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹಣ ಕಟ್ಟಿ, ಕಾಕ್ರೇನ್ ಗ್ರಂಥಾಲಯವನ್ನು ದೇಶದ ಎಲ್ಲರಿಗೂ ತೆರೆಸಿತು. 2025ರ ಜನವರಿಯಿಂದ ನಿಯತಕಾಲಿಕಗಳನ್ನು ಓದಲು ಕೇಂದ್ರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯೂ ಜಾರಿಯಲ್ಲಿದೆ. ಆದರೆ ಅದು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ. ತಾಲ್ಲೂಕು ಆಸ್ಪತ್ರೆ ಕಾಲೇಜಲ್ಲವಲ್ಲ! ಅಲ್ಲಿನ ವೈದ್ಯರು ಪಬ್‌ಮೆಡ್‌ನಲ್ಲಿ ಸಾರಾಂಶ ಓದಿ, ಪೂರ್ತಿ ಲೇಖನ ಬೇಕಾದರೆ ಕಾಲೇಜಿನಲ್ಲಿರುವ ಸಹಪಾಠಿಯನ್ನು ಕೇಳಬೇಕು. ರಾತ್ರಿ ಪಾಳಿಯಲ್ಲಿ ಒಬ್ಬರೇ ಹೆರಿಗೆ ಮಾಡಿಸುವವರನ್ನು ಬಿಟ್ಟು ಉಳಿದವರಿಗೆ ಮೊದಲು ಚಂದಾ ಕೊಟ್ಟದ್ದು ನನಗಂತೂ ಸರಿಕಾಣದು.