ಮಲಿನ ನೆಲದ ತಪಾಸಣೆ: ಸಣ್ಣ ನಗರಗಳಿಗೆ ಅಮೆರಿಕದ ಅನುದಾನ

ಕಾರ್ಖಾನೆಯೊಂದು ಬಾಗಿಲು ಮುಚ್ಚಿದ ಮೇಲೆ ಅದು ನಿಂತಿದ್ದ ನೆಲದ ಗತಿಯೇನು ಎಂಬ ಪ್ರಶ್ನೆ ದೊಡ್ಡ ಮಹಾನಗರಗಳಿಗಿಂತ ಸಣ್ಣ ನಗರಗಳನ್ನೇ ಹೆಚ್ಚು ಕಾಡುತ್ತದೆ. ಭೂಗತ ಟ್ಯಾಂಕು ಸೋರಿದ ಪೆಟ್ರೋಲ್ ಬಂಕ್, ರಾಸಾಯನಿಕ ದ್ರಾವಕಗಳನ್ನು ಬಳಸಿದ ಡ್ರೈ ಕ್ಲೀನಿಂಗ್ ಅಂಗಡಿ, ಲೋಹಕ್ಕೆ ಕ್ರೋಮಿಯಂ ಲೇಪಿಸುತ್ತಿದ್ದ ಶೆಡ್ಡು, ಇಂಥ ಜಾಗಗಳ ಮಣ್ಣಿನಲ್ಲಿ ವಿಷವಿದೆಯೋ ಇಲ್ಲವೋ ಎಂಬುದು ಖಚಿತವಾಗುವ ತನಕ ಕೊಳ್ಳುವವರು ಮುಂದೆ ಬರುವುದಿಲ್ಲ, ಬ್ಯಾಂಕುಗಳೂ ಸಾಲ ಕೊಡಲು ಹಿಂಜರಿಯುತ್ತವೆ. ಮಾಲಿನ್ಯದಿಂದ, ಅಥವಾ ಮಾಲಿನ್ಯವಿರಬಹುದೆಂಬ ಬರಿಯ ಶಂಕೆಯಿಂದಲೇ ಮರುಬಳಕೆಗೆ ತೊಡಕಾಗಿರುವ ಇಂಥ ಆಸ್ತಿಯನ್ನು ಅಮೆರಿಕದಲ್ಲಿ ‘ಬ್ರೌನ್‌ಫೀಲ್ಡ್’ ಎನ್ನುತ್ತಾರೆ. ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ ಅಲ್ಲಿ ಇಂಥ 4,50,000ಕ್ಕೂ ಹೆಚ್ಚು ಆಸ್ತಿಗಳಿವೆ.

ಈ ನೆಲಗಳು ಪಾಳು ಬೀಳಲು ಒಳ್ಳೆಯ ಉದ್ದೇಶದ ಕಾನೂನೊಂದೂ ಕಾರಣವಾಯಿತು. ನ್ಯೂಯಾರ್ಕ್ ರಾಜ್ಯದ ನಯಾಗರ ಫಾಲ್ಸ್ ನಗರದಲ್ಲಿ ರಾಸಾಯನಿಕ ತ್ಯಾಜ್ಯ ತುಂಬಿ ಮುಚ್ಚಿದ್ದ ಲವ್ ಕೆನಾಲ್ ಎಂಬ ಕಾಲುವೆಯ ಮೇಲೆ ಶಾಲೆಯನ್ನೂ ಅದರ ಸುತ್ತ ಮನೆಗಳನ್ನೂ ಕಟ್ಟಿದ್ದ ಸಂಗತಿ 1978ರಲ್ಲಿ ದೇಶವನ್ನೇ ಬೆಚ್ಚಿಬೀಳಿಸಿದ ಮೇಲೆ, 1980ರಲ್ಲಿ ‘ಸೂಪರ್‌ಫಂಡ್’ ಎಂದು ಪ್ರಸಿದ್ಧವಾದ ಕಾಯ್ದೆ ಜಾರಿಗೆ ಬಂತು. ಮಾಲಿನ್ಯ ಮಾಡಿದವರ ಜೊತೆಗೆ ಆ ನೆಲದ ಈಗಿನ ಒಡೆಯರನ್ನೂ ಶುದ್ಧೀಕರಣದ ವೆಚ್ಚಕ್ಕೆ ಹೊಣೆ ಮಾಡಿದ ಈ ಕಾಯ್ದೆಯಿಂದಾಗಿ, ಅನುಮಾನವಿದ್ದ ಯಾವ ಜಾಗವನ್ನೂ ಮುಟ್ಟದಿರುವುದೇ ಕ್ಷೇಮವೆಂಬ ಭಾವನೆ ಖರೀದಿದಾರರಲ್ಲಿ ಬೇರೂರಿತು. ಈ ಬಿಕ್ಕಟ್ಟನ್ನು ಬಿಡಿಸಲು 1990ರ ದಶಕದ ನಡುವೆ ಬ್ರೌನ್‌ಫೀಲ್ಡ್ ಕಾರ್ಯಕ್ರಮ ಆರಂಭವಾಯಿತು. 2002ರ ಕಾನೂನು ಅದಕ್ಕೆ ಶಾಸನದ ನೆಲೆ ಒದಗಿಸಿ, ಕೊಳ್ಳುವ ಮೊದಲೇ ಜಾಗದ ಪೂರ್ವಾಪರವನ್ನು ಕ್ರಮಬದ್ಧವಾಗಿ ವಿಚಾರಿಸಿಕೊಂಡು, ಕೊಂಡ ಮೇಲೂ ಎಚ್ಚರ ವಹಿಸುವ ಪ್ರಾಮಾಣಿಕ ಖರೀದಿದಾರರಿಗೆ ಹಳೆಯ ಮಾಲಿನ್ಯದ ಹೊಣೆಯಿಂದ ರಕ್ಷಣೆ ನೀಡಿತು.

ಇಂಥ ವಿಚಾರಣೆಗಾಗಿ ಈ ಕಾರ್ಯಕ್ರಮ ನಗರಗಳಿಗೆ ಕೊಡುವ ಹಣವೇ ತಪಾಸಣಾ ಅನುದಾನ. ಇದರಲ್ಲಿ ನಗರಾಡಳಿತವು ಮೊದಲು ತನ್ನ ವ್ಯಾಪ್ತಿಯ ಶಂಕಿತ ಜಾಗಗಳ ಪಟ್ಟಿ ಮಾಡಿ, ಆದ್ಯತೆಯವನ್ನು ಆರಿಸಿಕೊಳ್ಳುತ್ತದೆ. ಮೊದಲ ಹಂತದ ತಪಾಸಣೆಯಲ್ಲಿ ಮಣ್ಣು ಅಗೆಯುವುದಿಲ್ಲ. ಪರಿಸರ ತಜ್ಞರು ಹಳೆಯ ಭೂದಾಖಲೆ, ವೈಮಾನಿಕ ಚಿತ್ರ, ಒಂದು ಕಾಲದಲ್ಲಿ ಬೆಂಕಿ ವಿಮೆಗಾಗಿ ತಯಾರಿಸಿದ ಕಟ್ಟಡ ನಕ್ಷೆ ಮೊದಲಾದವುಗಳನ್ನು ಪರಿಶೀಲಿಸಿ, ಸ್ಥಳ ನೋಡಿ, ಹಿಂದಿನ ಒಡೆಯರನ್ನೂ ನೆರೆಹೊರೆಯವರನ್ನೂ ಮಾತನಾಡಿಸಿ, ಅಲ್ಲಿ ಏನೇನು ನಡೆದಿತ್ತೆಂಬುದನ್ನು ಗುರುತಿಸುತ್ತಾರೆ. ಶಂಕೆಗೆ ಆಧಾರ ಸಿಕ್ಕರೆ ಎರಡನೆಯ ಹಂತದಲ್ಲಿ ನೆಲ ಕೊರೆದು, ಮಣ್ಣು, ಅಂತರ್ಜಲ ಮತ್ತು ಮಣ್ಣಿನೊಳಗಿನ ಆವಿಯ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಕೆಲವು ದ್ರಾವಕಗಳು ಆವಿಯಾಗಿ ಮೇಲಿನ ಕಟ್ಟಡದೊಳಕ್ಕೆ ನುಸುಳುವುದರಿಂದ ಆವಿಯ ಪರೀಕ್ಷೆಯೂ ಅಗತ್ಯ. ಶುದ್ಧೀಕರಣದ ಯೋಜನೆ ರೂಪಿಸಲು ಈ ಹಣ ಬಳಸಬಹುದಾದರೂ ಶುದ್ಧೀಕರಣಕ್ಕೆ ಬಳಸುವಂತಿಲ್ಲ. ಅದಕ್ಕೆ ಬೇರೆ ಅನುದಾನವೂ ಸಾಲನಿಧಿಯೂ ಇವೆ.

ಮೊತ್ತ ಭಾರಿಯೇನಲ್ಲ. ಇತ್ತೀಚಿನ ವರ್ಷಗಳಲ್ಲಿ ಒಂದು ನಗರಕ್ಕೆ ಸಾಮಾನ್ಯವಾಗಿ 5 ಲಕ್ಷ ಡಾಲರ್‌ವರೆಗೆ ದೊರೆಯುತ್ತಿದ್ದು, 2021ರ ಮೂಲಸೌಕರ್ಯ ಕಾಯ್ದೆ ಒಟ್ಟು ಬ್ರೌನ್‌ಫೀಲ್ಡ್ ಕಾರ್ಯಕ್ರಮಕ್ಕೆ 150 ಕೋಟಿ ಡಾಲರ್ ಮೀಸಲಿಟ್ಟಿತು. ಆದರೆ ಉದ್ಯಮ ಹೋದೊಡನೆ ತೆರಿಗೆಯ ಆದಾಯವನ್ನೂ ಕಳೆದುಕೊಂಡ, ಪರಿಸರ ತಜ್ಞರನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲದ ಸಣ್ಣ ನಗರಕ್ಕೆ ಇದೇ ದೊಡ್ಡ ಆಸರೆ. ಸ್ಪರ್ಧೆಯ ಮೂಲಕ ಸಿಗುವ ಈ ಅನುದಾನಕ್ಕೆ ಅರ್ಜಿ ಸಿದ್ಧಪಡಿಸುವುದೂ ಇಂಥ ನಗರಗಳಿಗೆ ಕಷ್ಟವಾದ್ದರಿಂದ, ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಉಚಿತ ಮಾರ್ಗದರ್ಶನ ನೀಡುತ್ತವೆ.

ಇಂಥ ನೆರವಿನ ಬಳಕೆಗೆ ಕ್ಯಾಲಿಫೋರ್ನಿಯದ ಎಮರಿವಿಲ್ ಒಳ್ಳೆಯ ನಿದರ್ಶನ. ಓಕ್‌ಲ್ಯಾಂಡ್ ಮತ್ತು ಬರ್ಕ್ಲಿ ನಗರಗಳ ನಡುವಿನ, ಜನಸಂಖ್ಯೆ 15,000 ದಾಟದ ಈ ಊರು ಉಕ್ಕು, ಬಣ್ಣ, ಕೀಟನಾಶಕ ಉದ್ಯಮಗಳ ನೆಲೆಯಾಗಿತ್ತು. ಅಂತರ್ಜಲದ ಮಾಲಿನ್ಯವು ನಿವೇಶನಗಳ ಗಡಿಯನ್ನು ಲೆಕ್ಕಿಸದೆ ಹರಡುವುದರಿಂದ, 1990ರ ದಶಕದಲ್ಲಿ ಬ್ರೌನ್‌ಫೀಲ್ಡ್ ನೆರವು ಪಡೆದ ಎಮರಿವಿಲ್ ಒಂದೊಂದೇ ನಿವೇಶನಕ್ಕೆ ಸೀಮಿತವಾಗದೆ ಇಡೀ ಪ್ರದೇಶದ ಅಂತರ್ಜಲವನ್ನು ಒಟ್ಟಾಗಿ ಪರಿಗಣಿಸಲು ಹೊರಟಿತು, ನಿವೇಶನವಾರು ಮಾಹಿತಿಯನ್ನು ಸಾರ್ವಜನಿಕರಿಗೂ ತೆರೆದಿಟ್ಟಿತು. ಆದರೂ ಮಾಲಿನ್ಯದ ಪರೀಕ್ಷೆಯೊಂದೇ ನೆಲದ ಪೂರ್ಣ ಚರಿತ್ರೆಯನ್ನು ಹೇಳುವುದಿಲ್ಲ: ಇದೇ ಊರಿನಲ್ಲಿ 2002ರಲ್ಲಿ ತೆರೆದ ಬೇ ಸ್ಟ್ರೀಟ್ ಮಳಿಗೆ ಸಂಕೀರ್ಣವು ಮೂಲನಿವಾಸಿ ಒಲೋನಿ ಜನರ ಸಮಾಧಿಗಳಿದ್ದ ಪ್ರಾಚೀನ ಕಪ್ಪೆಚಿಪ್ಪಿನ ದಿಬ್ಬದ ಜಾಗದಲ್ಲೇ ಎದ್ದಿತು. ನೆಲದ ಭವಿಷ್ಯವನ್ನು ನಿರ್ಧರಿಸುವಲ್ಲಿ ಅದರೊಡನೆ ನಂಟುಳ್ಳವರೆಲ್ಲರ ಮಾತಿಗೂ ಬೆಲೆಯಿರಬೇಕೆಂಬುದಕ್ಕೆ ಇದು ಸಾಕ್ಷಿ.

ಭಾರತ ಸರ್ಕಾರವೂ 2025ರ ಜುಲೈಯಲ್ಲಿ ಮಲಿನ ಸ್ಥಳಗಳ ನಿರ್ವಹಣಾ ನಿಯಮಗಳನ್ನು ಪ್ರಕಟಿಸಿ, ಶಂಕಿತ ಜಾಗಗಳ ಪ್ರಾಥಮಿಕ ಮತ್ತು ವಿವರವಾದ ತಪಾಸಣೆಗೆ ಕ್ರಮ ಗೊತ್ತುಪಡಿಸಿದೆ. ಈ ನಿಯಮಗಳು ಫಲ ಕೊಡಬೇಕಾದರೆ ನಮ್ಮ ಪುರಸಭೆ, ನಗರಸಭೆಗಳ ಕೈಗೆ ತಪಾಸಣೆಗೆಂದೇ ಮೀಸಲಾದ ಹಣವೂ ತಜ್ಞರ ನೆರವೂ ಸಿಗಬೇಕು, ಪ್ರತಿ ತಪಾಸಣೆಯ ವರದಿಯೂ ಊರಿನ ಜನರಿಗೆ ಅವರದೇ ಭಾಷೆಯಲ್ಲಿ ದೊರೆಯಬೇಕು. ಕಾಲ ಕೆಳಗಿನ ಮಣ್ಣಿನಲ್ಲಿ ಏನಿದೆಯೆಂದು ತಿಳಿಯುವುದು ನಾಗರಿಕರ ಹಕ್ಕು. ಆ ತಿಳಿವಳಿಕೆಗೆ ಹಣ ಒದಗಿಸುವುದು ಸರ್ಕಾರದ ಕರ್ತವ್ಯ.