ಕಂಡದ್ದು ಮತ್ತು ನಂಬಿದ್ದು: ಪ್ರಾಚೀನ ಗ್ರೀಕರ ಶರೀರಜ್ಞಾನ

ಆಯುರ್ವೇದದಂತೆಯೇ ನಮ್ಮ ದೇಶದಲ್ಲಿ ಮನ್ನಣೆ ಪಡೆದಿರುವ ಯುನಾನಿ ಪದ್ಧತಿಯ ಹೆಸರನ್ನು ಓದುಗರು ಕೇಳಿರುತ್ತಾರೆ. ‘ಯುನಾನಿ’ ಎಂದರೆ ಗ್ರೀಕರಿಗೆ ಸೇರಿದ್ದು ಎಂದರ್ಥ. ಆ ಪದ್ಧತಿಗೆ ಮೂಲವಾದ ಪ್ರಾಚೀನ ಗ್ರೀಕ್ ವೈದ್ಯರು ಮನುಷ್ಯ ಶರೀರದ ಒಳರಚನೆಯನ್ನು ಹೇಗೆ ಅರಿತರು, ಎಲ್ಲಿ ಎಡವಿದರು ಎಂಬ ಇತಿಹಾಸವು ವೈದ್ಯರಿಗೆ ಮಾತ್ರವಲ್ಲ, ರೋಗಿಗಳಿಗೂ ಪಾಠವಾಗುವಂಥದು.

ಕ್ರಿ.ಪೂ. 5ನೆಯ ಶತಮಾನದ ಹಿಪ್ಪೊಕ್ರೇಟಿಸನ ಹೆಸರಿನಲ್ಲಿ ಸುಮಾರು 60 ಗ್ರಂಥಗಳು ಉಳಿದುಬಂದಿವೆ. ಅವು ಒಬ್ಬನೇ ಬರೆದವಲ್ಲವೆಂಬುದು ಇಂದಿನ ವಿದ್ವಾಂಸರ ಒಮ್ಮತದ ಅಭಿಪ್ರಾಯ. ರೋಗಲಕ್ಷಣಗಳನ್ನು ಅವು ಸೂಕ್ಷ್ಮವಾಗಿ ವರ್ಣಿಸುತ್ತವೆ. ಆದರೆ ಶವಚ್ಛೇದನದ ಆಧಾರ ಅವುಗಳಿಗಿರಲಿಲ್ಲ.

ಆ ಕೊರತೆ ನೀಗಿದ್ದು ಕ್ರಿ.ಪೂ. 3ನೆಯ ಶತಮಾನದಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿ. ಹೆರೋಫಿಲಸ್ ಮತ್ತು ಎರಾಸಿಸ್ಟ್ರಾಟಸ್ ಎಂಬ ವೈದ್ಯರು ಮನುಷ್ಯರ ಶವಗಳನ್ನು ಕ್ರಮಬದ್ಧವಾಗಿ ಛೇದಿಸಿ ನೋಡಿದರು. ಬುದ್ಧಿಯ ನೆಲೆ ಹೃದಯವೆಂದು ಅರಿಸ್ಟಾಟಲ್ ಹೇಳಿದ್ದನು. ಅದು ಮಿದುಳೆಂದು ಹೆರೋಫಿಲಸ್ ನಿರ್ಣಯಿಸಿದನು. ಅವನು ನರಗಳನ್ನು ಗುರುತಿಸಿದನು. ನಾಡಿಯ ಬಡಿತವನ್ನು ಜಲಗಡಿಯಾರದಿಂದ ಅಳೆದನು. ಸಣ್ಣಕರುಳಿನ ಮೊದಲ ಭಾಗಕ್ಕೆ ‘ಹನ್ನೆರಡು ಬೆರಳು’ ಎಂಬ ಅರ್ಥದ ಹೆಸರಿಟ್ಟನು. ಇಂದಿನ ‘ಡುಯೊಡಿನಮ್’ ಆ ಹೆಸರಿನ ಲ್ಯಾಟಿನ್ ರೂಪವೇ. ಇವರು ಜೀವಂತ ಕೈದಿಗಳನ್ನೂ ಕೊಯ್ದರೆಂದು ರೋಮನ್ ಲೇಖಕ ಸೆಲ್ಸಸ್ ಬರೆದಿದ್ದಾನೆ. ಅದು ನಿಜವೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ನಿಜವಾಗಿದ್ದರೆ ಆ ಜ್ಞಾನಕ್ಕೆ ತೆತ್ತ ಬೆಲೆ ಘೋರವಾದುದು.

ಹೆರೋಫಿಲಸನ ಒಂದು ಗ್ರಂಥವೂ ಪೂರ್ಣವಾಗಿ ಉಳಿದಿಲ್ಲ. ಪರರ ಕೃತಿಗಳಲ್ಲಿ ಚದುರಿದ್ದ ಅವನ ಮಾತುಗಳನ್ನು ಆಯ್ದು, ಹೈನ್ರಿಶ್ ಫಾನ್ ಸ್ಟಾಡೆನ್ ಎಂಬ ವಿದ್ವಾಂಸರು 1989ರಲ್ಲಿ ಬೃಹತ್ ಸಂಪುಟವೊಂದನ್ನು ಹೊರತಂದರು. ನಾವಿಂದು ಹೆರೋಫಿಲಸನನ್ನು ಅರಿತಿರುವುದು ಇಂತಹ ಪರಿಶ್ರಮದ ಫಲವಾಗಿ.

ಮುಂದೆ ಕ್ರಿ.ಶ. 2ನೆಯ ಶತಮಾನದಲ್ಲಿ ಗೇಲನ್ ಎಂಬ ಮಹಾವೈದ್ಯನು ರೋಮ್ ನಗರದಲ್ಲಿ ಖ್ಯಾತನಾದನು. ಆಗ ಮನುಷ್ಯರ ಶವಚ್ಛೇದನ ರೂಢಿಯಲ್ಲಿರಲಿಲ್ಲ; ಅವನು ಮಂಗ, ಹಂದಿ, ಎತ್ತುಗಳನ್ನು ಛೇದಿಸಿದನು. ಕಿರುಚುತ್ತಿದ್ದ ಹಂದಿಯ ಕೊರಳಿನ ನರಗಳನ್ನು ತಡೆದರೆ ದನಿ ನಿಲ್ಲುವುದನ್ನು ಸಭಿಕರೆದುರು ತೋರಿಸಿದನು. ಧಮನಿಗಳಲ್ಲಿರುವುದು ವಾಯುವೆಂಬ ಎರಾಸಿಸ್ಟ್ರಾಟಸನ ಮತವನ್ನು ಖಂಡಿಸಿ, ರಕ್ತವೇ ಇದೆಯೆಂದು ಸಾಧಿಸಿದನು. ಅವನ ಶರೀರಚ್ಛೇದನ ಗ್ರಂಥದ ಉತ್ತರಾರ್ಧವು ಅರಬ್ಬೀ ಅನುವಾದದಲ್ಲಷ್ಟೇ ಉಳಿದುಬಂದಿದೆ.

ಆದರೆ ಪ್ರಾಣಿಗಳಲ್ಲಿ ಕಂಡದ್ದನ್ನು ಗೇಲನ್ ಮನುಷ್ಯರಿಗೂ ಅನ್ವಯಿಸಿದನು. ಎತ್ತು, ಕುರಿಗಳ ಮಿದುಳಿನ ಬುಡದಲ್ಲಿರುವ ರಕ್ತನಾಳಗಳ ಬಲೆಯು ಮನುಷ್ಯನಲ್ಲಿಯೂ ಇದೆಯೆಂದು ನಂಬಿದನು. ಮನುಷ್ಯನಲ್ಲಿ ಅದಿಲ್ಲ. ಆದರೂ ಸಾವಿರಕ್ಕೂ ಹೆಚ್ಚು ವರ್ಷ ಆ ಮಾತು ಪ್ರಮಾಣವಾಗಿ ಉಳಿಯಿತು. ಅದನ್ನು ಅಲ್ಲಗಳೆದ ವೆಸಾಲಿಯಸ್ ಕೂಡ ಮೊದಮೊದಲು ಮನುಷ್ಯನ ಶವದ ಪಕ್ಕದಲ್ಲಿ ಕುರಿ ಅಥವಾ ಎತ್ತಿನ ತಲೆಯನ್ನಿಟ್ಟುಕೊಂಡು ಆ ಬಲೆಯನ್ನು ಶಿಷ್ಯರಿಗೆ ತೋರಿಸುತ್ತಿದ್ದನು! 1543ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಅವನು ಗೇಲನ್‌ನ ಇಂತಹ ಅನೇಕ ತಪ್ಪುಗಳನ್ನು ತಿದ್ದಿದನು. ಆಗ ಅವನ ಗುರು ಸಿಲ್ವಿಯಸನು, ಗೇಲನ್‌ನದು ತಪ್ಪಲ್ಲ, ಅವನ ಕಾಲದಿಂದೀಚೆಗೆ ಮನುಷ್ಯರ ಶರೀರವೇ ಬದಲಾಗಿದೆ ಎಂದು ವಾದಿಸಿದನು. ಗ್ರಂಥದ ಮೇಲಿನ ಅತಿಭಕ್ತಿಯು ಕಣ್ಣೆದುರಿನ ಸತ್ಯವನ್ನೂ ಮರೆಮಾಡಬಲ್ಲುದು.

ನಮ್ಮ ಸುಶ್ರುತಾಚಾರ್ಯರು ಶವವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಬಳಿಕ ಪದರಪದರವಾಗಿ ಉಜ್ಜಿ ನೋಡುವ ವಿಧಾನವನ್ನು ಹೇಳಿದ್ದಾರೆ. ಶಾಸ್ತ್ರದ ಓದಿಗೆ ಪ್ರತ್ಯಕ್ಷ ದರ್ಶನವೂ ಕೂಡಬೇಕೆಂಬುದು ಅವರ ಆಶಯ. ಆ ಆಶಯವನ್ನು ಮರೆತರೆ ಗೇಲನ್‌ನ ಅನುಯಾಯಿಗಳಿಗಾದದ್ದು ನಮಗೂ ಆಗದಿರದು.

‘ಇದು ಸಾವಿರಾರು ವರ್ಷಗಳ ಔಷಧ’ ಎಂಬ ಒಂದೇ ಮಾತನ್ನು ನಂಬಿ ಮಧುಮೇಹದ ಮಾತ್ರೆಯನ್ನು ನಿಲ್ಲಿಸಿ, ಕಾಲಿನ ಹುಣ್ಣು ಉಲ್ಬಣಿಸಿದ ಮೇಲೆ ಬರುವವರನ್ನು ಚಿಕಿತ್ಸಾಲಯದಲ್ಲಿ ಕಾಣುತ್ತಿರುತ್ತೇನೆ. ಪ್ರಾಚೀನತೆಯು ಗೌರವಕ್ಕೆ ಕಾರಣವೇ ಹೊರತು ಪರೀಕ್ಷೆಗೆ ಬದಲಿಯಲ್ಲ. ಆಯುರ್ವೇದವಾಗಲಿ, ಯುನಾನಿಯಾಗಲಿ, ಅಲೋಪಥಿಯಾಗಲಿ, ಔಷಧವನ್ನು ಆರಂಭಿಸುವ ಮತ್ತು ನಿಲ್ಲಿಸುವ ಮುನ್ನ ತಮ್ಮ ಶರೀರವನ್ನು ಪರೀಕ್ಷಿಸಿದ ವೈದ್ಯರನ್ನು ಕೇಳುವುದು ಲೇಸು. ಔಷಧವು ಫಲಿಸುತ್ತಿದೆಯೇ ಎಂಬುದನ್ನು ಕಾಲಕಾಲಕ್ಕೆ ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಪ್ರಾಚೀನ ವೈದ್ಯರನ್ನು ಗೌರವಿಸುವ ಸರಿಯಾದ ಬಗೆಯೂ ಇದೇ: ಅವರು ಹೇಗೆ ಕಣ್ಣಾರೆ ಕಂಡು ಕಲಿತರೋ ಹಾಗೆಯೇ ನಾವೂ ಕಂಡು ಒಪ್ಪುವುದು.