ಮನೆಮಂದಿಯೆಲ್ಲ ಓಟಕ್ಕೆ ಹೊರಟಾಗ

2024ರ ಅಕ್ಟೋಬರ್‌ನಲ್ಲಿ ಇಂದಿರಾನಗರದ ಉದ್ಯಾನವೊಂದರ ಫಲಕ ಬೆಂಗಳೂರಿಗೆಲ್ಲ ನಗೆಯ ವಸ್ತುವಾಯಿತು. ಅದರಲ್ಲಿದ್ದ ಅಪ್ಪಣೆಗಳಲ್ಲಿ ಎರಡು ಹೀಗಿದ್ದವು: ಇಲ್ಲಿ ಜಾಗಿಂಗ್ ಮಾಡಬಾರದು, ನಡೆಯುವವರು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ನಡೆಯಬೇಕು. ನಕ್ಕವರು ನಕ್ಕರು, ಸಿಟ್ಟಾದವರು ಸಿಟ್ಟಾದರು. ಆದರೆ ಇಂಥ ಫಲಕ ಬರೆಸುವವರ ಕಷ್ಟವೂ ಪೂರ್ತಿ ಸುಳ್ಳಲ್ಲ. ಬಡಾವಣೆಯ ಉದ್ಯಾನವೆಂದರೆ ನಾಲ್ಕಡಿ ಅಗಲದ ಕಲ್ಲುಹಾಸು. ಅದರ ಮೇಲೆ ಮಂಡಿನೋವಿನ ಅಜ್ಜ, ಸಕ್ಕರೆ ಕಾಯಿಲೆಯ ಅಜ್ಜಿ ನಿಧಾನವಾಗಿ ಸುತ್ತು ಹಾಕುತ್ತಿರುತ್ತಾರೆ. ಅವರ ನಡುವೆ ಏಳು ವರ್ಷದ ಹುಡುಗನೊಬ್ಬ ಬಾಣದಂತೆ ನುಗ್ಗಿದರೆ ಬೀಳುವವರು ಯಾರೆಂದು ಹೇಳಬೇಕಿಲ್ಲ.

ಇಂದಿರಾನಗರಕ್ಕೆ ಅಂಟಿಕೊಂಡೇ ಇರುವ ದೊಮ್ಮಲೂರಿನಲ್ಲಿ ಈಗ ಭಾನುವಾರ ಬೆಳಿಗ್ಗೆ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಬೂಟು ಕಟ್ಟಿಕೊಂಡು ಓಡಲು ಹೊರಡುವುದು ಅಪರೂಪದ ನೋಟವೇನಲ್ಲ. ಅವರ ಮುಂದಿರುವ ಪ್ರಶ್ನೆ ಎರಡು. ಎಲ್ಲಿ ಓಡುವುದು? ಮಕ್ಕಳನ್ನು ಎಷ್ಟು ಓಡಿಸುವುದು?

ಹಾಗೆ ನೋಡಿದರೆ ದೊಡ್ಡವರು ಕಾರಣವಿಲ್ಲದೆ ಓಡುವುದೇ ನಮ್ಮಲ್ಲಿ ಹೊಸ ಸಂಗತಿ. ಓಟ ಮಕ್ಕಳ ಸೊತ್ತಾಗಿತ್ತು. ಮುಟ್ಟಾಟ, ಮರಕೋತಿ, ಲಗೋರಿ, ಹಳೆಯ ಸೈಕಲ್ ಟೈರನ್ನು ಕೋಲಿನಿಂದ ಬಡಿಯುತ್ತ ಅದರ ಹಿಂದೆ ಓಡುವುದು ಇವೆಲ್ಲ ಓಟವೇ. ಆದರೆ ಅದನ್ನು ಯಾರೂ ಓಟವೆಂದು ಕರೆಯುತ್ತಿರಲಿಲ್ಲ, ಆಟವೆನ್ನುತ್ತಿದ್ದರು. ದೊಡ್ಡವರೊಬ್ಬರು ಬೀದಿಯಲ್ಲಿ ಓಡುತ್ತಿದ್ದರೆ ಬಸ್ಸು ತಪ್ಪುತ್ತಿದೆ ಎಂದೋ, ಯಾರಿಗೋ ಏನೋ ಆಗಿದೆ ಎಂದೋ ಅರ್ಥ. ಓಟವೇ ಕಸುಬಾಗಿದ್ದವರೂ ಇದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ ಆರಂಭವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಂದಿಗೆ ಸೇರಿಹೋಗುವವರೆಗೂ ಅದರ ಚೀಲಗಳು ಹಳ್ಳಿ-ಪಟ್ಟಣ ಮುಟ್ಟುತ್ತಿದ್ದುದು ಹೆಚ್ಚಾಗಿ ಓಡುವವರ ಹೆಗಲ ಮೇಲೆ. ಇನ್ನು 1809ರಲ್ಲಿ ಸ್ಥಾಪನೆಯಾದ ದಂಡು ಪ್ರದೇಶದಲ್ಲಿ ಸಿಪಾಯಿಗಳು ಬೆಳಗಿನ ಹೊತ್ತು ಓಡುತ್ತಿದ್ದರು. ಅದೂ ನೌಕರಿಯ ಭಾಗ. ಸಂಬಳವಿಲ್ಲದೆ, ಗೆಲ್ಲುವ ಆಸೆಯಿಲ್ಲದೆ ಮೈಲಿಗಟ್ಟಲೆ ಓಡುವ ಯೋಚನೆ ಬಂದದ್ದು ದೂರದ ನ್ಯೂಜಿಲೆಂಡ್‌ನಿಂದ. ಅಲ್ಲಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ 1962ರಲ್ಲಿ ಆಕ್ಲೆಂಡ್‌ನಲ್ಲಿ ಹೊಟ್ಟೆ ಬಂದ ನಡುವಯಸ್ಸಿನವರನ್ನು ಕಟ್ಟಿಕೊಂಡು ನಿಧಾನ ಓಟ ಕಲಿಸಿದ. ಅದನ್ನು ಕಣ್ಣಾರೆ ಕಂಡ ಅಮೆರಿಕದ ತರಬೇತುದಾರ ಬಿಲ್ ಬೋವರ್‌ಮನ್ ಊರಿಗೆ ಮರಳಿ ಅದನ್ನೇ ಹಬ್ಬಿಸಿದ. 1967ರಲ್ಲಿ ಹೃದ್ರೋಗ ತಜ್ಞರೊಬ್ಬರ ಜೊತೆ ಸೇರಿ ‘ಜಾಗಿಂಗ್’ ಎಂಬ ಪುಸ್ತಕವನ್ನೂ ಬರೆದ. ಆ ಪದ ಅಲ್ಲಿಂದ ನಮ್ಮ ಉದ್ಯಾನದ ಫಲಕದವರೆಗೂ ಬಂದಿದೆ.

ಬೆಂಗಳೂರಿನಲ್ಲಿ ಸಂಸಾರ ಸಮೇತ ಓಡುವುದಕ್ಕೆ ಮೇಳದ ರೂಪ ಬಂದದ್ದು 2008ರ ಮೇ ತಿಂಗಳಲ್ಲಿ, ಮೊದಲ ‘ವರ್ಲ್ಡ್ 10ಕೆ’ ಓಟ ನಡೆದಾಗ. ಎರಿಟ್ರಿಯಾದ ಝೆರ್ಸನೇ ಟಡೇಸೆ ಅಂದು ಪುರುಷರ ವಿಭಾಗದಲ್ಲಿ ಗೆದ್ದ. ಆದರೆ ಊರಿನವರ ನೆನಪಿನಲ್ಲಿ ಉಳಿಯುವುದು ಈ ಸ್ಪರ್ಧೆಯ ಜೊತೆಗೇ ನಡೆಯುವ ‘ಮಜಾ ರನ್’. ಐದಾರು ಕಿಲೋಮೀಟರಿನ ಈ ಓಟದಲ್ಲಿ ಗಡಿಯಾರದ ಕಾಟವಿಲ್ಲ, ವೇಷ ಹಾಕಿದವರಿಗೆ ಚಪ್ಪಾಳೆ ಜಾಸ್ತಿ. ಅದೇ ಮೇ ತಿಂಗಳಲ್ಲೇ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೋದವು. ದೊಮ್ಮಲೂರಿನ ಮುಖ್ಯ ರಸ್ತೆಗೆ ‘ಹಳೇ ವಿಮಾನ ನಿಲ್ದಾಣ ರಸ್ತೆ’ ಎಂಬ ಹೆಸರು ಗಟ್ಟಿಯಾಯಿತು. ವಿಮಾನ ಹೋಯಿತು, ವಾಹನ ಉಳಿಯಿತು.

ಈ ಊರು ಚಿಕ್ಕ ವಯಸ್ಸಿನದಲ್ಲ. ಇಲ್ಲಿನ ಚೊಕ್ಕನಾಥಸ್ವಾಮಿ ದೇವಾಲಯದ ಶಾಸನಗಳಲ್ಲಿ ಇದು ‘ತೊಂಬಲೂರು’. ಹಳೆಯ ಊರೆಂದ ಮೇಲೆ ಕೆರೆಯೂ ಇರಬೇಕಲ್ಲ? ಇತ್ತು. ದೊಮ್ಮಲೂರು ಕೆರೆಯನ್ನು ಮುಚ್ಚಿ ಬಡಾವಣೆ ಮಾಡಲಾಯಿತು. ಅದರ ದಕ್ಷಿಣಕ್ಕಿದ್ದ ಚಲ್ಲಘಟ್ಟ ಕೆರೆಯ ಅಂಗಳ ಗಾಲ್ಫ್ ಮೈದಾನವಾಯಿತು. ಹಸಿರೇನೋ ಇದೆ, ಬೇಲಿಯ ಆಚೆ. ಇನ್ನೊಂದು ಮಗ್ಗುಲಲ್ಲಿ ಸೇನೆಯ ಎಎಸ್‌ಸಿ ಕೇಂದ್ರದ ಜಮೀನು. ಅಲ್ಲಿಗೂ ಯಾರೆಂದರವರು ನುಗ್ಗುವಂತಿಲ್ಲ. ಕೆರೆಯ ಏರಿ ಎಂಬುದು ಮಕ್ಕಳನ್ನು ಓಡಿಸಲು ಹೇಳಿ ಮಾಡಿಸಿದ ಜಾಗ. ವಾಹನವಿಲ್ಲ, ನೆಲ ಮಣ್ಣು, ಎತ್ತ ಓಡಿದರೂ ಮಗು ಕಣ್ಣಿಗೆ ಕಾಣುತ್ತದೆ. ಅಂಥ ಜಾಗ ಬೇಕಾದರೆ ದೊಮ್ಮಲೂರಿನವರು ಇಂದು ಹಲಸೂರು ಕೆರೆಗೋ ಅಗರ ಕೆರೆಗೋ ಹೋಗಬೇಕು. ಇಲ್ಲವೇ ಭಾನುವಾರ ವಾಹನಗಳಿಗೆ ಪ್ರವೇಶವಿಲ್ಲದ ಕಬ್ಬನ್ ಉದ್ಯಾನಕ್ಕೆ. ಓಡುವುದಕ್ಕಾಗಿ ಕಾರಿನಲ್ಲಿ ಹೋಗುವ ವಿಚಿತ್ರ ಹುಟ್ಟಿದ್ದು ಹೀಗೆ. ಕಾರಿಲ್ಲದವರು ಎರಡನೇ ಹಂತದ ಅಡ್ಡರಸ್ತೆಗಳಲ್ಲಿ ಆರು ಗಂಟೆಗೆ ಮೊದಲೇ ಓಟ ಮುಗಿಸುತ್ತಾರೆ. ಅದೇ ಜಾಣತನವೂ ಹೌದು: ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿ ಉಸಿರಾಡುತ್ತಾರೆ, ಹೊಗೆಯನ್ನೂ ಅಷ್ಟೇ. ಮುಖ್ಯ ರಸ್ತೆಯ ಪಕ್ಕ ಎಂಟು ಗಂಟೆಗೆ ಮಗುವನ್ನು ಓಡಿಸುವುದಕ್ಕಿಂತ ಮನೆಯಲ್ಲಿ ಮಲಗಿಸುವುದು ವಾಸಿ.

ಎಷ್ಟು ಓಡಿಸುವುದು ಎಂಬುದು ಇದಕ್ಕಿಂತ ಸೂಕ್ಷ್ಮ ಪ್ರಶ್ನೆ. ಈ ದೇಶ ಅದನ್ನು 2006ರಲ್ಲಿ ಬಹಳ ಜೋರಾಗಿ ಕೇಳಿಕೊಂಡಿತು. ಒಡಿಶಾದ ಬುಧಿಯಾ ಸಿಂಗ್ ಎಂಬ ನಾಲ್ಕು ವರ್ಷದ ಹುಡುಗ ಆ ಮೇ 2ರಂದು ಪುರಿಯಿಂದ ಭುವನೇಶ್ವರದವರೆಗೆ 65 ಕಿಲೋಮೀಟರ್ ಓಡಿದ, ಏಳು ಗಂಟೆಗಳ ಕಾಲ. ಪತ್ರಿಕೆಗಳು ಅವನನ್ನು ಹೊತ್ತು ಮೆರೆಸಿದವು. ವೈದ್ಯರು ಪರೀಕ್ಷಿಸಿ ಗಾಬರಿಯಾದರು. ರಾಜ್ಯ ಸರ್ಕಾರ ಅವನ ದೂರದ ಓಟಗಳಿಗೆ ತಡೆ ಹಾಕಿತು. ಮಗು ಓಡಬಲ್ಲದು ಎಂಬುದು ಬೇರೆ, ಓಡಿಸಬಹುದು ಎಂಬುದು ಬೇರೆ. ಈ ವ್ಯತ್ಯಾಸವನ್ನು ಬೆಳಗಿನ ಉತ್ಸಾಹದಲ್ಲಿ ಮರೆಯುವ ತಂದೆ-ತಾಯಿ ಕಡಿಮೆಯಿಲ್ಲ.

ಕಾರಣ ಮೂಳೆಯಲ್ಲಿದೆ. ಬೆಳೆಯುವ ಮಗುವಿನ ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ಪದರವೊಂದಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಹದಿಹರೆಯ ಮುಗಿಯುವ ಹೊತ್ತಿಗೆ ಅದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಅದೇ ಮೂಳೆಯ ಮೆದು ಜಾಗ. ಎಂಟರಿಂದ ಹದಿನಾಲ್ಕರ ವಯಸ್ಸಿನಲ್ಲಿ ಮೂಳೆ ಬೇಗ ಬೆಳೆದು ಸ್ನಾಯು ಹಿಂದುಳಿದಾಗ ಹಿಮ್ಮಡಿಯಲ್ಲೋ ಮಂಡಿಯ ಕೆಳಗೋ ನೋವು ಕಾಣಿಸುತ್ತದೆ. ‘ಬೆಳೆಯುವ ನೋವು, ಹೋಗುತ್ತದೆ ಬಿಡು’ ಎಂದು ಅದರ ಮೇಲೇ ಓಡಿಸುವುದು ತಪ್ಪು. ಒಂದೇ ಕಡೆ ನೋವು, ಕುಂಟುವಿಕೆ, ರಾತ್ರಿ ಎಚ್ಚರಿಸುವ ನೋವು ಇದ್ದರೆ ವೈದ್ಯರಿಗೆ ತೋರಿಸಬೇಕು. ಮಕ್ಕಳು ಬೆವರುವುದೂ ದೊಡ್ಡವರಿಗಿಂತ ಕಡಿಮೆ. ಅಪ್ಪನ ಬನಿಯನ್ ಒದ್ದೆಯಾಗಿ ಮಗನ ಅಂಗಿ ಒಣಗಿದ್ದರೆ ಮಗನಿಗೆ ಸೆಕೆಯಿಲ್ಲ ಎಂದರ್ಥವಲ್ಲ, ಅವನ ಕೆಂಪೇರಿದ ಮುಖ ನೋಡಬೇಕು.

ಇನ್ನು ಹೆಜ್ಜೆಯ ಲೆಕ್ಕ. ಸಣ್ಣ ಕಾಲು, ಸಣ್ಣ ಹೆಜ್ಜೆ. ಅಪ್ಪ ಆರಾಮಾಗಿ ಓಡುವ ವೇಗಕ್ಕೆ ಮಗು ತನ್ನ ತೂಕಕ್ಕೆ ಮೀರಿದ ಆಮ್ಲಜನಕ ಖರ್ಚು ಮಾಡುತ್ತದೆ. ಜೊತೆಗೆ ಮಕ್ಕಳ ಓಟದ ಸ್ವಭಾವವೇ ಬೇರೆ: ಒಂದು ನಿಮಿಷ ಕುದುರೆ, ಮರುನಿಮಿಷ ದಾಸವಾಳ ನೋಡುತ್ತ ನಿಂತ ಪಂಡಿತ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ ನಿಜ. ಆದರೆ ಅದು ಒಂದೇ ಉಸಿರಿಗೆ ಓಡಬೇಕೆಂದಲ್ಲ. ಬ್ರಿಟನ್‌ನಲ್ಲಿ 2004ರಲ್ಲಿ 13 ಓಟಗಾರರಿಂದ ಶುರುವಾದ ‘ಪಾರ್ಕ್‌ರನ್’ ಎಂಬ ಉಚಿತ ವಾರದ ಓಟ ದೊಡ್ಡವರಿಗೆ 5 ಕಿಲೋಮೀಟರ್ ಇಟ್ಟರೆ, ನಾಲ್ಕರಿಂದ ಹದಿನಾಲ್ಕರ ಮಕ್ಕಳಿಗೆ ಇಟ್ಟಿರುವುದು 2 ಕಿಲೋಮೀಟರ್ ಮಾತ್ರ. ಅಳತೆಗೋಲಾಗಿ ಅದು ಕೆಟ್ಟದ್ದಲ್ಲ.

ಒಟ್ಟಿಗೆ ಓಡುವುದೆಂದರೆ ಒಂದೇ ವೇಗದಲ್ಲಿ ಓಡುವುದು ಎಂದುಕೊಂಡ ಸಂಸಾರಗಳು ಮೂರನೇ ವಾರಕ್ಕೆ ಬಿಟ್ಟುಬಿಡುತ್ತವೆ. ದೊಡ್ಡವರಿಗೆ ಬೇಸರ, ಮಕ್ಕಳಿಗೆ ಅಳು. ಉಳಿದುಕೊಳ್ಳುವವರ ಉಪಾಯಗಳು ಸರಳ. ಚಿಕ್ಕವರು ಮುಂದೆ, ವೇಗ ಅವರದು. ಮಾತಾಡುತ್ತ ಓಡಲಾಗದಿದ್ದರೆ ನಡೆಯುವುದು. ‘ಆ ದೀಪದ ಕಂಬದವರೆಗೆ ಓಟ, ಮುಂದಿನದರವರೆಗೆ ನಡಿಗೆ’ ಎಂದು ಗುರಿ ಇಡುವುದು. ಅಜ್ಜಿ ಬೆಂಚಿನ ಮೇಲೆ ಕೂತರೆ ಅದೇ ಗುರಿಗೆರೆ. ಅಲ್ಲಿ ಮಕ್ಕಳು ಆಡುತ್ತಿರುವಾಗ ಅಪ್ಪ-ಅಮ್ಮ ತಮ್ಮ ಸುತ್ತುಗಳನ್ನು ಮುಗಿಸಿಕೊಳ್ಳಬಹುದು. ಬೀದಿನಾಯಿ ಬೊಗಳಿದರೆ ಓಡಬಾರದು, ನಿಲ್ಲಬೇಕು ಎಂಬುದನ್ನು ಮೊದಲ ದಿನವೇ ಕಲಿಸಬೇಕು. ಕೊನೆಗೆ ದೋಸೆ ಎಂಬ ಆಮಿಷ ಯಾವ ಪದಕಕ್ಕಿಂತಲೂ ಕಡಿಮೆಯಲ್ಲ.

ಇದರಲ್ಲಿ ಹೆಚ್ಚು ಲಾಭವಾಗುವುದು ಬಹುಶಃ ಅಮ್ಮನಿಗೆ. ಬೆಳಗಿನ ಹೊತ್ತೆಂದರೆ ಅವಳಿಗೆ ಹಾಲು, ಒಗ್ಗರಣೆ, ಟಿಫಿನ್ ಡಬ್ಬಿ, ಶಾಲೆಯ ವ್ಯಾನು. ಒಬ್ಬಳೇ ಓಡಲು ಹೊರಟರೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆಂಬ ಪ್ರಶ್ನೆ, ನಸುಕಿನ ಬೀದಿಯಲ್ಲಿ ಒಂಟಿ ಹೆಂಗಸೆಂಬ ಅಳುಕು. ಮನೆಯವರೆಲ್ಲ ಹೊರಟಾಗ ಮಾತ್ರ ಅವಳೂ ಹೊರಡುವುದು. ತಿಂಡಿ ಮಾಡುವ ಸರದಿ ಅಂದಾದರೂ ಬದಲಾಗುತ್ತದೆಯೇ ಎಂಬುದು ಆಯಾ ಮನೆಗೆ ಬಿಟ್ಟದ್ದು.

ಹನ್ನೆರಡು-ಹದಿಮೂರಕ್ಕೆ ಬರುವ ಹೊತ್ತಿಗೆ ಮಕ್ಕಳು ಅಪ್ಪ-ಅಮ್ಮನನ್ನು ಹಿಂದೆ ಹಾಕುತ್ತಾರೆ. ಮೂಳೆ ಗಟ್ಟಿಯಾಗುತ್ತಿರುವ, ಶ್ವಾಸಕೋಶ ಅರಳುತ್ತಿರುವ, ದೂರವನ್ನು ನಿಧಾನವಾಗಿ ಹೆಚ್ಚಿಸಬಹುದಾದ ವಯಸ್ಸು ಅದು. ಬಹಳ ಮನೆಗಳಲ್ಲಿ ಭಾನುವಾರದ ಓಟ ನಿಲ್ಲುವುದೂ ಅದರ ಹಿಂದೆಯೇ. ಒಂಬತ್ತನೇ ತರಗತಿ ಬಂತೆಂದರೆ ಬೆಳಿಗ್ಗೆ ಆರಕ್ಕೆ ಗಣಿತದ ಟ್ಯೂಷನ್.